ಬಲೆ ಎಳೆಯುವವರು ನಮ್ಮೂರಿನವರು

ಉತ್ತರ ಪ್ರದೇಶದ ಪ್ರತಾಪಗಢ ಜಿಲ್ಲೆಯಲ್ಲಿ 2020ರ ಡಿಸೆಂಬರ್ 31ರಂದು ಶಾರದಾ ಕಾಲುವೆಯೊಳಗೆ ಒಂದು ಗಂಗಾ ಡಾಲ್ಫಿನ್ ಸಿಕ್ಕಿಬಿದ್ದಿತ್ತು. ಒಂದಿಷ್ಟು ಜನ ಸೇರಿ ಅದನ್ನು ಹಿಡಿದು ಬಡಿಗೆ, ಕೊಡಲಿಗಳಿಂದ ಹೊಡೆದು ಕೊಂದರು. ಪಕ್ಕದಲ್ಲಿದ್ದ ಇನ್ನಾರೋ ಮೊಬೈಲ್‌ನಲ್ಲಿ ಹಿಡಿದರು. ವಾರ ಕಳೆಯುವಷ್ಟರಲ್ಲಿ ಆ ವಿಡಿಯೊ ದೇಶ ತುಂಬ ಓಡಾಡಿ ಮೂವರು ಜೈಲು ಸೇರಿದರು. ಅರಣ್ಯ ಇಲಾಖೆಯವರು ಹೋದಾಗ ಸತ್ತ ಪ್ರಾಣಿ ಕಾಲುವೆ ದಂಡೆಯ ಮೇಲೇ ಬಿದ್ದಿತ್ತು. ಹಸಿವಿಗಾಗಿ ಕೊಂದಿದ್ದರೆ ಹಾಗೆ ಬಿಟ್ಟುಹೋಗುತ್ತಿರಲಿಲ್ಲ. ಏನೋ ದೊಡ್ಡದು ನೀರಿನಲ್ಲಿ ಹೊರಳಾಡುತ್ತಿದೆ, ನಾಲ್ಕು ಜನ ಸೇರಿದ್ದಾರೆ, ಕೈಯಲ್ಲಿ ಬಡಿಗೆ ಇದೆ. ಇಷ್ಟೇ ಸಾಕಾಗಿತ್ತು.

ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರಿಗೆ ಈ ಕಥೆ ದೂರದ್ದೆನಿಸುವುದು ಬೇಡ. ನಮ್ಮದೂ ಈಗ ಕಾಲುವೆಯ ನಾಡು. ಇಂಡಿ ಶಾಖಾ ಕಾಲುವೆ, ಮುಳವಾಡ ಏತ ನೀರಾವರಿ, ಚಿಮ್ಮಲಗಿ ಏತ ನೀರಾವರಿ ಎಂದು ನಾವು ಹೆಸರು ಹಿಡಿದು ಕರೆಯುವ ಈ ನೀರಿನ ದಾರಿಗಳಲ್ಲಿ ಕೃಷ್ಣೆಯ ಮೊಸಳೆಗಳು ಹೊಲದವರೆಗೆ ಬಂದಿವೆ. 2023ರಲ್ಲಿ ಕೊಲ್ಹಾರ ತಾಲೂಕಿನ ರೋಣಿಹಾಳದಲ್ಲಿ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನೇ ಕಟ್ಟಿಕೊಂಡು ಹೋಗಿ ಕರೆಂಟ್ ಆಫೀಸಿನ ಮುಂದೆ ಇಳಿಸಿದ್ದು ಎಲ್ಲರಿಗೂ ನೆನಪಿರಬೇಕು. ರಾತ್ರಿ ಹೊತ್ತು ತ್ರೀ ಫೇಸ್ ಕೊಟ್ಟರೆ ಕತ್ತಲಲ್ಲಿ ನೀರು ಹಾಯಿಸುವಾಗ ಎದುರಾಗುವುದು ಇದೇ, ಹಗಲು ಕರೆಂಟ್ ಕೊಡಿ ಎಂಬುದು ಅವರ ಬೇಡಿಕೆ. ನಕ್ಕವರು ನಕ್ಕರು. ನನಗೆ ಕಂಡದ್ದು ಬೇರೆ: ಅಷ್ಟು ಸಿಟ್ಟಿನಲ್ಲಿದ್ದ ಜನ ಆ ಮೊಸಳೆಯನ್ನು ಕೊಲ್ಲಲಿಲ್ಲ. ಅದು ಜೀವಂತವಾಗಿ ಅರಣ್ಯ ಇಲಾಖೆಯ ಕೈಗೆ ಹೋಯಿತು. ಕಾನೂನಿನ ಕಣ್ಣಿನಲ್ಲಿ ಮೊಸಳೆಗೂ ಡಾಲ್ಫಿನ್‌ಗೂ ಸ್ಥಾನ ಒಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿ, ಅಂದರೆ ಹುಲಿ, ಆನೆಗಳ ಸಾಲು. ಕೊಂದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಭೀಮೆಯಲ್ಲಾಗಲಿ, ಕೃಷ್ಣೆಯಲ್ಲಾಗಲಿ ಡಾಲ್ಫಿನ್ ಇಲ್ಲ. ಹಾಗಿದ್ದ ಮೇಲೆ ಡಾಲ್ಫಿನ್ ಕೊಲ್ಲಬೇಡಿ ಎಂಬ ಕೂಗಿಗೂ ಸಿಂದಗಿ, ಮುದ್ದೇಬಿಹಾಳಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಅದಕ್ಕೆ ಮೊದಲು ಈ ಪ್ರಾಣಿಯ ಬಗ್ಗೆ ನಾಲ್ಕು ಮಾತು.

ಡಾಲ್ಫಿನ್ ಮೀನಲ್ಲ. ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುವ, ಮರಿ ಹಾಕಿ ಹಾಲುಣಿಸುವ ಪ್ರಾಣಿ. ನೆತ್ತಿಯ ಮೇಲೊಂದು ಉಸಿರಿನ ರಂಧ್ರ, ಆಗಾಗ ನೀರಿನ ಮೇಲೆ ಬಂದು ಅದನ್ನು ತೆರೆದು ಗಾಳಿ ಎಳೆದುಕೊಳ್ಳಲೇಬೇಕು. ಗಂಗೆಯ ಡಾಲ್ಫಿನ್‌ಗೆ ಕಣ್ಣು ಇದ್ದೂ ಇಲ್ಲದಂತೆ. ಕಣ್ಣಿನಲ್ಲಿ ಮಸೂರವೇ ಇಲ್ಲದ ಅದು ರಾಡಿ ನೀರಿನಲ್ಲಿ ಶಬ್ದ ಬಿಟ್ಟು, ಅದರ ಮಾರ್ದನಿ ಕೇಳಿ ದಾರಿ ಕಂಡುಕೊಳ್ಳುತ್ತದೆ. ಬ್ಯಾರೇಜಿನ ಗೇಟು ತೆರೆದಾಗ ನೀರಿನ ಜೊತೆ ಕಾಲುವೆಗೆ ಬಂದುಬಿಡುತ್ತದೆ. ಗೇಟು ಮುಚ್ಚಿ ನೀರು ಇಳಿದರೆ ಮುಗಿಯಿತು, ವಾಪಸು ಹೋಗುವ ದಾರಿ ಇಲ್ಲ. ಉತ್ತರ ಪ್ರದೇಶದ ಅರಣ್ಯ ಇಲಾಖೆಯವರು ಹೀಗೆ ಸಿಕ್ಕಿಕೊಂಡ ಹಲವು ಡಾಲ್ಫಿನ್‌ಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟ್ರೆಚರ್ ಮೇಲೆ ಹೊತ್ತು ನದಿಗೆ ಬಿಟ್ಟಿದ್ದಾರೆ. ಪ್ರತಾಪಗಢದ ಪ್ರಾಣಿಗೆ ಆ ಭಾಗ್ಯ ಇರಲಿಲ್ಲ.

ಗಂಗಾ ಡಾಲ್ಫಿನ್‌ಗೆ ಹಳೆಯ ವೈರಿ ಅದರ ಎಣ್ಣೆಯೇ. ಬಿಹಾರದ ಮೀನುಗಾರರು ಅದರ ಕೊಬ್ಬಿನ ಎಣ್ಣೆಯನ್ನು ನೀರಿಗೆ ಬಿಟ್ಟು ಆ ವಾಸನೆಗೆ ಬರುವ ಮೀನು ಹಿಡಿಯುತ್ತಿದ್ದರು. ಪಟ್ನಾದ ಪ್ರಾಣಿಶಾಸ್ತ್ರಜ್ಞ ಆರ್.ಕೆ. ಸಿನ್ಹಾ ಇದನ್ನು ನಿಲ್ಲಿಸಿ ಎಂದು ಬರೀ ಭಾಷಣ ಮಾಡಲಿಲ್ಲ. ಮೀನು ಹೆಚ್ಚುವಾಗ ಎಸೆಯುವ ಕರುಳು, ತಲೆ, ಚೂರುಗಳಿಂದ ತೆಗೆದ ಎಣ್ಣೆಯೂ ಅದೇ ಕೆಲಸ ಮಾಡುತ್ತದೆ ಎಂದು ಮೀನುಗಾರರಿಗೆ ಮಾಡಿ ತೋರಿಸಿದರು. ನನ್ನ ಮಟ್ಟಿಗೆ ಭಾರತದಲ್ಲಿ ಡಾಲ್ಫಿನ್ ಪರವಾಗಿ ನಡೆದ ಅತ್ಯಂತ ಬುದ್ಧಿವಂತ ಚಳವಳಿ ಇದು. ಹೊಟ್ಟೆಪಾಡಿನವನಿಂದ ಒಂದನ್ನು ಬಿಡಿಸಬೇಕಾದರೆ ಅವನ ಕೈಗೆ ಇನ್ನೊಂದನ್ನು ಕೊಡಬೇಕು. 2016ರಲ್ಲಿ ಸಿನ್ಹಾ ಅವರಿಗೆ ಪದ್ಮಶ್ರೀ ಬಂತು. ಅದಕ್ಕೂ ಮೊದಲು, 2009ರಲ್ಲಿ, ಕೇಂದ್ರ ಸರ್ಕಾರ ಗಂಗಾ ಡಾಲ್ಫಿನ್ ಅನ್ನು ರಾಷ್ಟ್ರೀಯ ಜಲಚರ ಎಂದು ಘೋಷಿಸಿತ್ತು. 2025ರ ಮಾರ್ಚ್‌ನಲ್ಲಿ ಪ್ರಕಟವಾದ ದೇಶದ ಮೊದಲ ನದಿ ಡಾಲ್ಫಿನ್ ಗಣತಿಯ ಪ್ರಕಾರ ನಮ್ಮ ನದಿಗಳಲ್ಲಿ 6,327 ಡಾಲ್ಫಿನ್‌ಗಳಿವೆ. ಅದರಲ್ಲಿ ಪಂಜಾಬಿನ ಬಿಯಾಸ್ ನದಿಯಲ್ಲಿ ಉಳಿದ ಸಿಂಧೂ ಡಾಲ್ಫಿನ್ ಮೂರೇ ಮೂರು.

ಇಲ್ಲೊಂದು ಮಾತು ಹೇಳದೆ ಇರಲಾರೆ. ಇಂಡಿ ತಾಲೂಕನ್ನು ಹಾಯ್ದು ಹೋಗುವ ಭೀಮೆ ಮುಂದೆ ಸನ್ನತಿಯ ದಂಡೆಗೂ ಹೋಗುತ್ತಾಳೆ. ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ದೇವಿಯ ಮೂರ್ತಿಗೆ ಪೀಠವಾಗಿ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಈ ಕಡೆ ಮುದ್ದೇಬಿಹಾಳದಿಂದ ಕೃಷ್ಣೆ ದಾಟಿ ಹೋದರೆ ಮಸ್ಕಿ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅದೇ ಅಶೋಕ ಉತ್ತರದಲ್ಲಿ ನಿಲ್ಲಿಸಿದ ಕಂಬದ ಐದನೇ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ದೊಡ್ಡ ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ ಬರುವ ಗಂಗೆಯ ಪುಪುಟಕವನ್ನು ವಿದ್ವಾಂಸರು ಗಂಗಾ ಡಾಲ್ಫಿನ್ ಎಂದು ಗುರುತಿಸುತ್ತಾರೆ. ಆ ಪಟ್ಟಿ ನಮ್ಮ ಕಡೆಯ ಶಾಸನಗಳಲ್ಲಿಲ್ಲ, ನಿಜ. ಆದರೆ ಡಾಲ್ಫಿನ್ ಕೊಲ್ಲಬೇಡಿ ಎಂಬ ಆಜ್ಞೆಗೆ ಎರಡು ಸಾವಿರ ವರ್ಷ ದಾಟಿದೆ ಎಂಬುದನ್ನು, ಇದೆಲ್ಲ ವಿದೇಶದಿಂದ ಬಂದ ಶೋಕಿ ಎನ್ನುವವರು ಗಮನಿಸಲಿ.

ವಿದೇಶದ ಮಾತಿಗೆ ಬಂದರೆ, ಡಾಲ್ಫಿನ್ ಹತ್ಯೆ ಅಂದಕೂಡಲೇ ಜಗತ್ತಿನ ಕಣ್ಣ ಮುಂದೆ ಬರುವುದು ಜಪಾನಿನ ತೈಜಿ. ಅಲ್ಲಿ ಪ್ರತಿ ವರ್ಷ ಸೆಪ್ಟೆಂಬರ್‌ನಿಂದ ದೋಣಿಗಳು ಸಾಲುಗಟ್ಟಿ, ಕಬ್ಬಿಣದ ಕೊಳವೆಗಳನ್ನು ನೀರಿಗೆ ಇಳಿಬಿಟ್ಟು ಬಡಿಯುತ್ತವೆ. ಆ ಸದ್ದಿಗೆ ದಿಕ್ಕೆಟ್ಟ ಡಾಲ್ಫಿನ್‌ಗಳನ್ನು ಒಂದು ಕಿರಿದಾದ ಕೊಲ್ಲಿಗೆ ಅಟ್ಟಿ, ಚೆಂದ ಕಂಡವನ್ನು ಪ್ರದರ್ಶನಕ್ಕೆ ಮಾರಿ, ಉಳಿದವನ್ನು ಕೊಲ್ಲುತ್ತಾರೆ. ಇದನ್ನು ಜಗತ್ತಿಗೆ ತೋರಿಸಿದ್ದು 2009ರ ‘ದಿ ಕೋವ್’ ಎಂಬ ಸಾಕ್ಷ್ಯಚಿತ್ರ. ಮರುವರ್ಷ ಅದಕ್ಕೆ ಆಸ್ಕರ್ ಬಂತು. ಅದರ ಕೇಂದ್ರದಲ್ಲಿದ್ದ ರಿಕ್ ಓಬ್ಯಾರಿ 1960ರ ದಶಕದ ‘ಫ್ಲಿಪ್ಪರ್’ ಧಾರಾವಾಹಿಗೆ ಡಾಲ್ಫಿನ್ ಪಳಗಿಸಿದವನು. ತಾನು ಪಳಗಿಸಿದ ಡಾಲ್ಫಿನ್ ಒಂದು ತನ್ನ ತೋಳಿನಲ್ಲೇ ಸತ್ತ ಮೇಲೆ ಆತ ತನ್ನ ಕಸುಬಿನ ವಿರುದ್ಧವೇ ತಿರುಗಿದ.

ಇನ್ನೊಂದು ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳು. 2021ರ ಸೆಪ್ಟೆಂಬರ್ 12ರಂದು ಅಲ್ಲಿ ಒಂದೇ ದಿನ 1,428 ಡಾಲ್ಫಿನ್‌ಗಳನ್ನು ದಡಕ್ಕೆ ಅಟ್ಟಿ ಕೊಂದರು. ಶತಮಾನಗಳಿಂದ ನಡೆದುಬಂದ ಪದ್ಧತಿ, ಮಾಂಸವನ್ನು ಊರೆಲ್ಲ ಹಂಚಿಕೊಳ್ಳುತ್ತೇವೆ ಎಂದು ಸಮರ್ಥಿಸುತ್ತಿದ್ದ ಅಲ್ಲಿನವರಿಗೇ ಈ ಸಲ ಅತಿಯಾಯಿತು ಎನಿಸಿತು. ಇದನ್ನು ನಿಲ್ಲಿಸಿ ಎಂಬ ಮನವಿಗೆ ಸಹಿಗಳು ಲಕ್ಷಗಟ್ಟಲೆ ಬಂದವು. ಸರ್ಕಾರ ಮುಂದಿನ ಎರಡು ವರ್ಷಗಳಿಗೆ ತಲಾ 500ರ ಮಿತಿ ಹಾಕಿತು. ಚಳವಳಿಯವರು ಕೇಳಿದ್ದು ಪೂರ್ತಿ ನಿಷೇಧ, ಸಿಕ್ಕಿದ್ದು ಅಷ್ಟು.

ಈ ಎರಡೂ ದೃಶ್ಯಗಳು ನಮ್ಮ ಮೊಬೈಲಿಗೂ ಬರುತ್ತವೆ. ಕೆಂಪಾದ ನೀರು, ಚೂರಿ ಹಿಡಿದ ಕೈ. ನೋಡಿದವರು ಸಿಟ್ಟಿಗೇಳುತ್ತಾರೆ, ನಾಲ್ಕು ಜನಕ್ಕೆ ಕಳಿಸುತ್ತಾರೆ. ಸಿಟ್ಟು ಬೇಡ ಎನ್ನುತ್ತಿಲ್ಲ, ಆದರೆ ಅದು ಸುಲಭದ ಸಿಟ್ಟು. ಜಗತ್ತಿನಲ್ಲಿ ಬಹುಪಾಲು ಡಾಲ್ಫಿನ್‌ಗಳು ಚೂರಿಗೆ ಸಾಯುವುದಿಲ್ಲ. ಬಲೆಗೆ ಸಾಯುತ್ತವೆ. ಹಿಂದೂ ಮಹಾಸಾಗರದಲ್ಲಿ ಟ್ಯೂನಾ ಮೀನಿಗೆ ಬಿಡುವ ಗಿಲ್‌ನೆಟ್‌ಗಳಲ್ಲಿ 1950ರಿಂದ 2018ರವರೆಗೆ ಸುಮಾರು 41 ಲಕ್ಷ ಡಾಲ್ಫಿನ್ ಮತ್ತು ಅದರ ಜಾತಿಯ ಪ್ರಾಣಿಗಳು ಸಿಕ್ಕಿವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ತೈಜಿಯ ಲೆಕ್ಕ ಇದರ ಮುಂದೆ ಏನೂ ಅಲ್ಲ. ಇಲ್ಲಿ ಬೈಯಲು ಖಳನಾಯಕ ಸಿಗುವುದಿಲ್ಲ, ತೋರಿಸಲು ವಿಡಿಯೊ ಇಲ್ಲ. ಡಾಲ್ಫಿನ್ ಹಿಡಿಯಬೇಕೆಂದು ಆ ಬಲೆಯನ್ನು ಯಾರೂ ಬಿಟ್ಟಿರುವುದಿಲ್ಲ.

ಗಿಲ್‌ನೆಟ್ ಅಂದರೆ ನೀರಿನೊಳಗೆ ಗೋಡೆಯ ಹಾಗೆ ತೂಗಿಬಿಡುವ ನೈಲಾನ್ ಬಲೆ. ಮೇಲೆ ಬೆಂಡು, ಕೆಳಗೆ ಸೀಸದ ಗುಂಡು. ಸಂಜೆ ಬಿಟ್ಟು ಬೆಳಗ್ಗೆ ಎಳೆಯುತ್ತಾರೆ. ಮೀನಿನ ತಲೆ ಕಣ್ಣಿಯೊಳಗೆ ತೂರಿ ಕಿವಿರು ಸಿಕ್ಕಿಕೊಳ್ಳಬೇಕು, ಅದು ಅದರ ಕೆಲಸ. ಎಳೆ ಎಷ್ಟು ಸಣ್ಣದೆಂದರೆ ಡಾಲ್ಫಿನ್ ಬಿಟ್ಟ ಶಬ್ದಕ್ಕೆ ಸರಿಯಾದ ಮಾರ್ದನಿ ಬರುವುದಿಲ್ಲ. ಮೀನಿನ ಹಿಂದೆ ಬಂದ ಡಾಲ್ಫಿನ್‌ನ ಮೂತಿಯೋ ಬಾಲವೋ ಅದರಲ್ಲಿ ಸುತ್ತಿಕೊಂಡರೆ ಒದ್ದಾಡಿದಷ್ಟೂ ಬಿಗಿಯಾಗುತ್ತದೆ. ಮೀನಾದರೆ ಬೆಳಗಿನವರೆಗೆ ಬದುಕಿರಬಹುದು. ಇದು ಮೇಲೆ ಬಂದು ಗಾಳಿ ಕುಡಿಯದಿದ್ದರೆ ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ ಸಾಯುತ್ತದೆ. ಕಡಲಿನ ಪ್ರಾಣಿ ನೀರಿನಲ್ಲಿ ಮುಳುಗಿ ಸಾಯುವುದು ಹೀಗೆ.

ಕರ್ನಾಟಕದ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ಗೂನು ಬೆನ್ನಿನ ಡಾಲ್ಫಿನ್. ಬೆನ್ನ ಮೇಲೆ ಚಿಕ್ಕ ದಿಬ್ಬ, ಅದರ ಮೇಲೆ ರೆಕ್ಕೆ. ಅದರ ಜೊತೆಗೆ ಬೆನ್ನಿನ ರೆಕ್ಕೆಯೇ ಇಲ್ಲದ, ಸಣ್ಣ ಗಾತ್ರದ ಪಾರ್ಪಾಯಿಸ್. ಎರಡಕ್ಕೂ ಆಳ ಸಮುದ್ರ ಬೇಡ. ದಡಕ್ಕೆ ಹತ್ತಿರ, ನದಿ ಸಮುದ್ರ ಸೇರುವ ಅಳಿವೆಗಳ ಸುತ್ತಮುತ್ತ ಇರುತ್ತವೆ. ಕಾಳಿ, ಅಘನಾಶಿನಿ, ಶರಾವತಿಯ ಬಾಯಲ್ಲಿ ಮೀನು ಹೆಚ್ಚು. ಅಲ್ಲೇ ಬಲೆಯೂ ಹೆಚ್ಚು. ಗೂನು ಬೆನ್ನಿನ ಡಾಲ್ಫಿನ್ ಅಳಿವಿನಂಚಿನ ಜೀವಿ ಎಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿ 2017ರಲ್ಲೇ ಹೇಳಿದೆ. ಸುಮಾರು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುವ ಪ್ರಾಣಿ. ಬಲೆಗೆ ಹೋದದ್ದನ್ನು ತುಂಬಿಕೊಳ್ಳಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಕಾರವಾರ, ಕುಮಟಾ, ಹೊನ್ನಾವರ, ಮುರ್ಡೇಶ್ವರದ ಮರಳಿನ ಮೇಲೆ ಸತ್ತ ಡಾಲ್ಫಿನ್ ಬಂದು ಬಿದ್ದ ಸುದ್ದಿಯನ್ನು ಪತ್ರಿಕೆಯಲ್ಲಿ ವರ್ಷಕ್ಕೆ ನಾಲ್ಕಾರು ಸಲವಾದರೂ ಓದುತ್ತೇವೆ. ಅರಣ್ಯ ಇಲಾಖೆಯ ಕಾರವಾರದ ಕರಾವಳಿ ಮತ್ತು ಸಾಗರ ಘಟಕದವರು, ಕೋಡಿಬಾಗದ ಕಡಲ ಜೀವಶಾಸ್ತ್ರ ವಿಭಾಗದವರು ಹೋಗಿ ಅಳತೆ ತೆಗೆದು, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ ಹೂಳುತ್ತಾರೆ. ಆದರೆ ಕಡಲಿನಲ್ಲಿ ಸತ್ತವುಗಳಲ್ಲಿ ದಡಕ್ಕೆ ಬರುವುದು ಕೆಲವೇ ಕೆಲವು.

ಈಗ ಸಿಂದಗಿಗೆ ಬರೋಣ. ಮಲ್ಪೆ, ಮಂಗಳೂರು ಬಂದರುಗಳ ಬೋಟುಗಳಲ್ಲಿ ಕಲಾಸಿಗಳಾಗಿ, ಅಂದರೆ ಬಲೆ ಎಳೆಯುವ ಆಳುಗಳಾಗಿ, ದಕ್ಕೆಯಲ್ಲಿ ಮೀನು ಹೊರುವವರಾಗಿ, ಆರಿಸುವವರಾಗಿ ದುಡಿಯುವ ಉತ್ತರ ಕರ್ನಾಟಕದ ಜನ ಎಷ್ಟಿದ್ದಾರೆಂದು ಅಲ್ಲಿ ಹೋಗಿ ಬೆಳಗಿನ ಜಾವ ಒಂದು ಸುತ್ತು ಹಾಕಿದವರಿಗೆ ಗೊತ್ತು. ಕೊಪ್ಪಳ, ಬಾಗಲಕೋಟೆ, ರಾಯಚೂರಿನವರ ಜೊತೆ ನಮ್ಮ ಜಿಲ್ಲೆಯವರೂ ಇದ್ದಾರೆ. ಗೋವಾದ ಕಥೆಯಂತೂ ಹೇಳುವುದೇ ಬೇಡ, ವಾಸ್ಕೋದ ಬೈನಾದಲ್ಲಿ ನಮ್ಮ ಮಾತು ಕಿವಿಗೆ ಬಿದ್ದು ಎಷ್ಟೋ ದಶಕ ಆಯಿತು. ಮನೆಯಲ್ಲಿ ಮೀನು ಒಳಗೆ ತರದ ಮಂದಿಯೂ ಅಲ್ಲಿ ಬಲೆ ಎಳೆಯುತ್ತಾರೆ. ಹೊಟ್ಟೆಗೆ ಜಾತಿ ಇಲ್ಲ.

ಸಿಂದಗಿ ತಾಲೂಕಿನ ಒಬ್ಬ ಪರಿಚಯಸ್ಥರು ಕೆಲವು ವರ್ಷ ಮಲ್ಪೆಯ ಪರ್ಸೀನ್ ಬೋಟಿನಲ್ಲಿ ದುಡಿದು ಈಗ ಊರಲ್ಲಿ ತೊಗರಿ ಬೆಳೆಯುತ್ತಾರೆ. ಚಹಾ ಕುಡಿಯುತ್ತಾ ಡಾಲ್ಫಿನ್ ಮಾತು ತೆಗೆದಾಗ ಅವರು ಬಸಿ ಕೆಳಗಿಟ್ಟರು.

“ಮೊದಲ ಸಲ ನೋಡಿದಾಗ ಹೆದರಿದೆರೀ. ಕತ್ತಲದಾಗ ಬಾಜೂಕ ಬಂದು ಮನುಷ್ಯಾರಂಗ ಬುಸ್ ಅಂತ ಉಸಿರು ಬಿಡ್ತು. ಬಂಗುಡೆ ಹಿಂದ ಬಂದಿದ್ವು. ಬಲಿ ಸುತ್ತಿದ ಮ್ಯಾಲ ನೋಡಿದ್ರ ನಡುವ ಮೂರು ಅದಾವ.”

“ಮುಂದ?”

“ತಂಡೇಲ ಛಲೋ ಮನುಷ್ಯಾ ಇದ್ದ. ಒಂದು ಕಡೆ ಬೆಂಡು ಒತ್ತಿ ಹಿಡೀರೋ ಅಂದ. ನಾವು ನಾಕೈದು ಮಂದಿ ಬೆಂಡಿನ ಹಗ್ಗ ನೀರೊಳಗ ಒತ್ತಿದ್ವಿ. ಎರಡು ಹಾರಿ ಹೋದ್ವು. ಮೂರನೇದು ಹೋಗಲಿಲ್ಲ, ಬಲ್ಯಾಗ ಬಾಲ ಸುತ್ತಿತ್ತು. ಕೊಯ್ಯಬೇಕಂದ್ರ ಧಣಿಗೆ ಬಲಿ ಲೆಕ್ಕ ಯಾರು ಕೊಡೋರು?”

“ಸತ್ತದ್ದನ್ನ ಏನ ಮಾಡ್ತೀರಿ?”

“ನೀರಿಗೆ ಒಗೀತೀವ್ರಿ. ಬಂದರಕ್ಕ ತಂದ್ರ ಕೇಸ್ ಆಗ್ತದಂತ. ಯಾರಿಗೂ ಹೇಳಬ್ಯಾಡ್ರಿ ಅಂತಾರ.”

ಈ ನಾಲ್ಕು ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಸುತ್ತುಬಲೆಯಲ್ಲಿ, ಅಂದರೆ ಪರ್ಸೀನ್‌ನಲ್ಲಿ, ಡಾಲ್ಫಿನ್‌ಗೆ ಉಸಿರಾಡಲು ಮೇಲೆ ಜಾಗ ಇರುತ್ತದೆ. ಜೀವಂತ ಬಿಡಲು ಸಾಧ್ಯ, ಹೇಗೆಂದು ಗೊತ್ತಿರಬೇಕು. ಆ ತಂಡೇಲನಿಗೆ, ಅಂದರೆ ಬೋಟಿನ ನಾಯಕನಿಗೆ, ಗೊತ್ತಿತ್ತು. ಬೆಂಡಿನ ಹಗ್ಗ ಮುಳುಗಿಸಿ ದಾರಿ ಬಿಡುವ ಈ ಉಪಾಯವೇ ಪೆಸಿಫಿಕ್ ಸಾಗರದಲ್ಲಿ ಲಕ್ಷಾಂತರ ಡಾಲ್ಫಿನ್‌ಗಳ ಜೀವ ಉಳಿಸಿದೆ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಪೂರ್ವ ಪೆಸಿಫಿಕ್‌ನಲ್ಲಿ ಹಳದಿ ರೆಕ್ಕೆಯ ಟ್ಯೂನಾ ಮೀನು ಡಾಲ್ಫಿನ್ ಹಿಂಡಿನ ಕೆಳಗೆ ಈಜುತ್ತದೆ. 1950ರ ದಶಕದ ಕೊನೆಯಿಂದ ಅಮೆರಿಕದ ಬೋಟುಗಳು ಡಾಲ್ಫಿನ್ ಹಿಂಡನ್ನೇ ಅಟ್ಟಿಸಿಕೊಂಡು ಹೋಗಿ ಸುತ್ತುಬಲೆ ಹಾಕತೊಡಗಿದವು. ಆ ಒಂದು ಪದ್ಧತಿಯಿಂದ ಸತ್ತ ಡಾಲ್ಫಿನ್‌ಗಳು 60 ಲಕ್ಷಕ್ಕೂ ಹೆಚ್ಚು ಎಂಬ ಲೆಕ್ಕವಿದೆ. ಬೋಟನ್ನು ಹಿಂದಕ್ಕೆ ಎಳೆದು ಬಲೆಯ ಒಂದು ತುದಿ ಮುಳುಗಿಸಿ ಡಾಲ್ಫಿನ್ ಹೊರಗೆ ಬಿಡುವ ಉಪಾಯ ಕಂಡುಹಿಡಿದವರು ಅಲ್ಲಿನ ಮೀನುಗಾರರೇ, ಯಾವ ವಿಜ್ಞಾನಿಯೂ ಅಲ್ಲ. ಆದರೆ ಎಲ್ಲ ಬೋಟಿನವರೂ ಅದನ್ನು ಮಾಡುವಂತಾಗಲು ಹೊರಗಿನ ಒತ್ತಡ ಬೇಕಾಯಿತು. 1987ರಲ್ಲಿ ಸ್ಯಾಮ್ ಲಬಡ್ ಎಂಬ ಯುವಕ ಪನಾಮಾದ ಟ್ಯೂನಾ ಬೋಟೊಂದರಲ್ಲಿ ಕೆಲಸಕ್ಕೆ ಸೇರಿ, ಅಡುಗೆಯವನಾಗಿಯೂ ದುಡಿದು, ವಿಡಿಯೊ ಕ್ಯಾಮೆರಾದಲ್ಲಿ ಎಲ್ಲವನ್ನೂ ಹಿಡಿದು ತಂದ. ಅಮೆರಿಕದ ಟಿವಿಗಳಲ್ಲಿ ಅದು ಬಂದ ಮೇಲೆ ಶಾಲೆಯ ಮಕ್ಕಳು ಡಬ್ಬಿಯಲ್ಲಿ ಟ್ಯೂನಾ ಬೇಡ ಎಂದರು. 1990ರ ಏಪ್ರಿಲ್‌ನಲ್ಲಿ ಅಲ್ಲಿನ ದೊಡ್ಡ ಟ್ಯೂನಾ ಕಂಪನಿ ಸ್ಟಾರ್‌ಕಿಸ್ಟ್, ಡಾಲ್ಫಿನ್ ಸುತ್ತಿ ಹಿಡಿದ ಮೀನು ಕೊಳ್ಳುವುದಿಲ್ಲ ಎಂದು ಘೋಷಿಸಿತು. ಉಳಿದ ಕಂಪನಿಗಳೂ ಹಿಂದೆಯೇ ಬಂದವು. ಡಾಲ್ಫಿನ್‌ಗಾಗಿ ನಡೆದ ಚಳವಳಿಗಳಲ್ಲಿ ಗೆದ್ದದ್ದು ಎಂದು ಧೈರ್ಯವಾಗಿ ಹೇಳಬಹುದಾದದ್ದು ಇದು. ಅದು ಗೆದ್ದದ್ದು ಕಣ್ಣೀರಿನಿಂದಲ್ಲ, ಕೊಳ್ಳುವವರು ಮತ್ತು ಬಲೆ ಎಳೆಯುವವರು ಇಬ್ಬರೂ ಬದಲಾದದ್ದರಿಂದ.

ಆ ಒತ್ತಡ ಈಗ ಮಲ್ಪೆಯ ದಕ್ಕೆಗೂ ಬಂದಿದೆ. ನಮ್ಮ ವನ್ಯಜೀವಿ ಕಾಯ್ದೆ ಬಂದ 1972ರಲ್ಲೇ ಅಮೆರಿಕದಲ್ಲಿ ಕಡಲ ಸಸ್ತನಿ ಕಾಯ್ದೆ ಬಂತು. ಡಾಲ್ಫಿನ್, ತಿಮಿಂಗಿಲಗಳು ಬಲೆಗೆ ಬೀಳದಂತೆ ತಮ್ಮಲ್ಲಿರುವಷ್ಟೇ ಎಚ್ಚರ ವಹಿಸಿದ ದೇಶಗಳಿಂದ ಮಾತ್ರ ಮೀನು ತರಿಸಿಕೊಳ್ಳಬೇಕು ಎಂದು ಅದರ ನಿಯಮ. ಅದಕ್ಕಾಗಿಯೇ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಭಾರತದ ಕಡಲಿನ ಡಾಲ್ಫಿನ್, ತಿಮಿಂಗಿಲಗಳ ಲೆಕ್ಕಕ್ಕೆ ಇಳಿಯಬೇಕಾಯಿತು. ಆಮೆ ಹೊರಹೋಗುವ ಸಾಧನ ಬಲೆಗೆ ಹಾಕಿಲ್ಲವೆಂದು 2019ರಿಂದ ನಮ್ಮ ಕಡಲ ಸಿಗಡಿಗೆ ಅಮೆರಿಕದ ಬಾಗಿಲು ಮುಚ್ಚಿದ್ದು ಎಲ್ಲ ಬೋಟು ಮಾಲಕರಿಗೂ ಗೊತ್ತು. ದಯೆಯ ಮಾತಿಗೆ ಕಿವಿಗೊಡದವರು ದರದ ಮಾತಿಗೆ ಕೊಡುತ್ತಾರೆ, ಕೊಡಲಿ.

ಕೇಸ್ ಆಗುತ್ತದೆ ಎಂಬ ಆ ಹೆದರಿಕೆಗೆ ಮದ್ದು ಬೇಕು. ಬೇಕೆಂದೇ ಕೊಲ್ಲುವವನಿಗೂ ಬಲೆಗೆ ಸಿಕ್ಕದ್ದಕ್ಕೆ ಕಂಗಾಲಾದವನಿಗೂ ಒಂದೇ ಬೆತ್ತ ತೋರಿಸಿದರೆ ಎರಡನೆಯವನು ಸತ್ಯ ಹೇಳುವುದಿಲ್ಲ. ಸತ್ತದ್ದು ನೀರಿಗೆ ಹೋಗುತ್ತದೆ, ಲೆಕ್ಕ ಸಿಗುವುದಿಲ್ಲ. ಇಂಡಿಗೆ ಮಗ್ಗುಲಲ್ಲೇ ಇರುವ ಮಹಾರಾಷ್ಟ್ರ ಇದಕ್ಕೆ ಒಂದು ದಾರಿ ತೆಗೆಯಿತು. 2018ರ ಕೊನೆಯಲ್ಲಿ ಬಂದ ಅಲ್ಲಿನ ಯೋಜನೆಯಂತೆ ಸಂರಕ್ಷಿತ ಪ್ರಾಣಿ ಬಿಡಿಸಲು ಮೀನುಗಾರ ಬಲೆ ಕೊಯ್ದರೆ 25,000 ರೂಪಾಯಿವರೆಗೆ ಪರಿಹಾರ. ಕೊಯ್ದ ಬಲೆಯ, ಬಿಟ್ಟ ಪ್ರಾಣಿಯ ಫೋಟೊ ತೋರಿಸಬೇಕು. ನಮ್ಮ ಪರಿಚಯಸ್ಥರ ‘ಧಣಿಗೆ ಲೆಕ್ಕ ಯಾರು ಕೊಡೋರು’ ಎಂಬ ಪ್ರಶ್ನೆಗೆ ಇದು ನೇರ ಉತ್ತರ.

ಇನ್ನೂ ಹಳೆಯ ಉದಾಹರಣೆ ಗುಜರಾತಿನದು. ಸೌರಾಷ್ಟ್ರದ ಕಡಲಿಗೆ ಬರುವ ತಿಮಿಂಗಿಲ ಶಾರ್ಕ್ ಎಂಬ ದೈತ್ಯ ಮೀನನ್ನು ಅದರ ಯಕೃತ್ತಿನ ಎಣ್ಣೆಗೆ, ಮಾಂಸಕ್ಕೆ ನೂರಾರು ಲೆಕ್ಕದಲ್ಲಿ ಕೊಲ್ಲುತ್ತಿದ್ದರು. ಆ ಎಣ್ಣೆಯನ್ನು ದೋಣಿಗೆ ಸವರುತ್ತಿದ್ದರು. ಮೈಕ್ ಪಾಂಡೆ ಅವರ ಸಾಕ್ಷ್ಯಚಿತ್ರ ಬಂದ ಮೇಲೆ 2001ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ಆದರೆ ಕಾನೂನು ದಕ್ಕೆಗೆ ಇಳಿದದ್ದು 2004ರಲ್ಲಿ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ಕಥಾವಾಚಕ ಮೊರಾರಿ ಬಾಪು ಅವರನ್ನು ಕರೆತಂದಾಗ. ಹೆರಿಗೆಗೆ ತವರಿಗೆ ಬಂದ ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ ಎಂದು ಅವರು ಕೇಳಿದರು. ತವರು ಎಂದರೆ ಏನೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕೆ? ಗುಜರಾತಿನ ಮೀನುಗಾರರಿಗೂ ಬೇಕಾಗಲಿಲ್ಲ. ಅಂದಿನಿಂದ 800ಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳನ್ನು ಅವರೇ ಬಲೆ ಕೊಯ್ದು ಬಿಟ್ಟಿದ್ದಾರೆ. ಬಲೆಗೆ ಪರಿಹಾರವೂ ಸಿಗುತ್ತದೆ. ಮಾತೂ ಬೇಕು, ದುಡ್ಡೂ ಬೇಕು. ಬರೀ ಮಾತಿಗೆ ಮೂರು ದಿನ ಆಯುಷ್ಯ.

ನಮ್ಮ ದೇಶದ ಚಳವಳಿಗಾರರು ಸದ್ದಿಲ್ಲದೆ ಗೆದ್ದ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. 1998ರಲ್ಲಿ ಚೆನ್ನೈ ಹತ್ತಿರದ ಡಾಲ್ಫಿನ್ ಸಿಟಿಗೆ ಬಲ್ಗೇರಿಯಾದಿಂದ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತುಹೋದವು. ಅಷ್ಟಾದರೂ ಮುಂದೆ ಹಲವು ಕಡೆ ಡಾಲ್ಫಿನ್ ಪ್ರದರ್ಶನ ಕೇಂದ್ರ ಕಟ್ಟುವ ಯೋಜನೆಗಳು ಎದ್ದವು. ಪ್ರಾಣಿ ಹಕ್ಕಿನ ಸಂಘಟನೆಗಳು ಬೀದಿಗಿಳಿದ ಮೇಲೆ 2013ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ದೇಶದಲ್ಲೆಲ್ಲೂ ಡಾಲ್ಫಿನ್ ಪ್ರದರ್ಶನಕ್ಕೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಬರೆಯಿತು. ಅವುಗಳನ್ನು ಮನುಷ್ಯರಲ್ಲದ ವ್ಯಕ್ತಿಗಳೆಂದು ಕಾಣಬೇಕು ಎಂಬ ಮಾತೂ ಆ ಸುತ್ತೋಲೆಯಲ್ಲಿತ್ತು. ಕಾರವಾರಕ್ಕೆ ಪ್ರವಾಸ ಹೋದವರು ದೋಣಿಯಲ್ಲಿ ಕೂತು ಕಡಲಿನಲ್ಲೇ ಡಾಲ್ಫಿನ್ ನೋಡಬಹುದು, ಅದು ಒಳ್ಳೆಯದೇ. ದೋಣಿಯವನಿಗೆ ಅದರ ಮೈಮೇಲೇ ಹೋಗು, ಇನ್ನೂ ಹತ್ತಿರ ಹೋಗು ಎಂದು ಒತ್ತಾಯಿಸುವುದು ಬೇಡ. ಇಂಜಿನ್ ಬಂದ್ ಮಾಡಿ ಕೂತರೆ ಅವೇ ಬರುತ್ತವೆ.

ಬಲೆಯಲ್ಲೋ, ದಡದ ಮರಳಿನಲ್ಲೋ ಡಾಲ್ಫಿನ್ ಜೀವಂತ ಸಿಕ್ಕರೆ ಏನು ಮಾಡಬೇಕು? ಕಲಿಯಬೇಕಾದದ್ದು ಬಹಳ ಇಲ್ಲ. ಬಾಲ ಹಿಡಿದು ಎಳೆಯಬಾರದು, ಬೆನ್ನುಮೂಳೆಗೆ ಪೆಟ್ಟಾಗಬಹುದು. ನೆತ್ತಿಯ ರಂಧ್ರಕ್ಕೆ ನೀರು, ಮರಳು ಹೋಗದಂತೆ ನೋಡಬೇಕು. ಮೈಮೇಲೆ ಒದ್ದೆ ಬಟ್ಟೆ ಹಾಕಿ ನೆರಳು ಮಾಡಬೇಕು, ಆ ಬಟ್ಟೆ ರಂಧ್ರವನ್ನು ಮುಚ್ಚಬಾರದು. ಸುತ್ತ ಜನ ಗುಂಪುಗೂಡಿದರೆ, ಕೂಗಾಡಿದರೆ ಹೆದರಿಕೆಗೇ ಅರ್ಧ ಪ್ರಾಣ ಹೋಗುತ್ತದೆ. ಸೆಲ್ಫಿ ಆಮೇಲೂ ತೆಗೆಯಬಹುದು. ದಡಕ್ಕೆ ಬಂದದ್ದನ್ನು ಅವಸರದಲ್ಲಿ ಅಲೆಯೊಳಗೆ ತಳ್ಳಿದರೆ ಮತ್ತೆ ಅಲ್ಲೇ ಬಂದು ಬೀಳುತ್ತದೆ, ಆದ್ದರಿಂದ ಅರಣ್ಯ ಇಲಾಖೆಯ 1926 ನಂಬರಿಗೆ ಫೋನ್ ಮಾಡಿ ಅವರು ಬರುವವರೆಗೆ ಕಾಯಬೇಕು. ಸುತ್ತುಬಲೆಯಲ್ಲಾದರೆ ಬೆಂಡು ಮುಳುಗಿಸಿ ದಾರಿ ಬಿಡಬೇಕು. ಗಿಲ್‌ನೆಟ್‌ನಲ್ಲಿ ಬಾಲ ಸುತ್ತಿಕೊಂಡಿದ್ದರೆ ಬಲೆ ಕೊಯ್ಯಬೇಕು, ಎಳೆ ಮೈಮೇಲೆ ಉಳಿಯಬಾರದು. ಈ ಪಟ್ಟಿಯ ಅರ್ಧ ಭಾಗ ಕಾಲುವೆಯ ಮೊಸಳೆಗೂ ಸರಿಹೋಗುತ್ತದೆ: ದೂರ ನಿಲ್ಲುವುದು, ಗದ್ದಲ ಮಾಡದಿರುವುದು, 1926ಕ್ಕೆ ಫೋನ್ ಮಾಡುವುದು.

ಇವನ್ನೆಲ್ಲ ಹೇಳುವ ಪೋಸ್ಟರುಗಳು ಕರಾವಳಿಯಲ್ಲಿ ಇರಬಹುದು, ಕಾರ್ಯಾಗಾರಗಳೂ ನಡೆಯುತ್ತವೆ. ಅಲ್ಲಿಗೆ ಬರುವವರು ಬೋಟು ಮಾಲಕರು, ಸಂಘದ ಪದಾಧಿಕಾರಿಗಳು, ಕಾಲೇಜು ಹುಡುಗರು. ಕಡಲಿನ ಮೇಲಿರುವ ಕಲಾಸಿಗೆ ಬಿಡುವಿರುವುದಿಲ್ಲ. ಬಲೆ ಎಳೆಯುವ ಹೊತ್ತಿಗೆ ಹಗ್ಗ ಇರುವುದು ಮಾತ್ರ ಅವನ ಕೈಯಲ್ಲೇ. ಬಸವಣ್ಣನ ಹುಟ್ಟೂರಿನ ಜಿಲ್ಲೆಯಿಂದ ಹೋದವನಿಗೆ ದಯೆಯ ಉಪದೇಶ ಯಾರೂ ಮಾಡಬೇಕಿಲ್ಲ, ಬೆಂಡಿನ ಹಗ್ಗ ಯಾವಾಗ ಒತ್ತಬೇಕೆಂದು ಹೇಳಿಕೊಟ್ಟರೆ ಸಾಕು.

ಅವನಿಗೆ ಬಿಡುವಾಗುವುದು ಯಾವಾಗ? ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟು ದಡ ಹತ್ತಿದ ಮೇಲೆ ನಮ್ಮ ಹುಡುಗರು ಬಸ್ಸು ಹತ್ತಿ ಊರಿಗೆ ಬರುತ್ತಾರೆ. ತೊಗರಿ, ಹೆಸರು ಬಿತ್ತುವ ಕಾಲ. ಹೊಲದ ಕೆಲಸ ಮುಗಿಸಿ ಸಂಜೆ ಕಟ್ಟೆಯ ಮೇಲೆ ಕೂತಿರುತ್ತಾರೆ. ಮೀನುಗಾರಿಕೆ ಇಲಾಖೆ, ಅರಣ್ಯ ಇಲಾಖೆಯವರು ಡಾಲ್ಫಿನ್ ಉಳಿಸುವ ತರಬೇತಿಯನ್ನು ಮಲ್ಪೆಯ ಸಭಾಭವನದಲ್ಲಿ ಮಾಡುವ ಜೊತೆಗೆ ಆ ಎರಡು ತಿಂಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲೂ ಒಂದೊಂದು ದಿನ ಮಾಡಲಿ. ಒಂದು ತುಂಡು ಬಲೆ, ನಾಲ್ಕು ಬೆಂಡು ತಂದು ತೋರಿಸಲಿ. ಮೀನುಗಾರಿಕೆ ಬಲ್ಲ ತಂಡೇಲರೊಬ್ಬರನ್ನು ಕರೆತರಲಿ, ಅಧಿಕಾರಿಗಿಂತ ಅವರ ಮಾತು ಬೇಗ ಇಳಿಯುತ್ತದೆ. ಮಹಾರಾಷ್ಟ್ರದಲ್ಲಿರುವಂತೆ ಕೊಯ್ದ ಬಲೆಗೆ ಪರಿಹಾರ ನಮ್ಮ ಎಲ್ಲ ಬಂದರುಗಳಲ್ಲೂ ತಡವಿಲ್ಲದೆ ಸಿಗಲಿ. ಅದನ್ನು ಪಡೆಯುವ ಅರ್ಜಿ ಹೇಗೆಂದು ಅದೇ ದಿನ ಹೇಳಿಕೊಡಲಿ. ಗ್ರಾಮ ಪಂಚಾಯಿತಿಗಳ ಹತ್ತಿರ ದುಡಿಯಲು ಹೋದವರ ಲೆಕ್ಕ ಇಲ್ಲದಿದ್ದರೆ ಊರಿನ ಕಿರಾಣಿ ಅಂಗಡಿಯವರನ್ನು ಕೇಳಿ, ಯಾರ ಮನೆಯವರು ಯಾವ ಬಂದರಿನಲ್ಲಿದ್ದಾರೆಂದು ಅವರಿಗೆ ಬಾಯಿಪಾಠ. ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಇಳಿಯುತ್ತವೆ, ಅದಕ್ಕಿಂತ ಮೊದಲು ಮಾಡಿ.